ಟ್ಯಾಂಕಿಗೆ ಯಾವ ಬಿಸಿ?

ಪ್ರಶ್ನೆ: ಸರ್, ನಮಸ್ಕಾರ. ತುಕ್ಕು ಹಿಡಿದ ಹಳೇ ಸ್ಪ್ಯಾನರ್, ಕ್ಲಾಂಪ್, ವೈಸ್‌ಗಳನ್ನು ತಂದು ಸರಿಮಾಡುವುದು ನನ್ನ ಹವ್ಯಾಸ. ಇವಕ್ಕೆ ಮ್ಯಾಂಗನೀಸ್ ಫಾಸ್ಫೇಟ್‌ನ ಕಪ್ಪು ಲೇಪ ಕೊಡಬೇಕು ಅಂತಿದ್ದೇನೆ. ಸೊಲ್ಯೂಷನ್ ಡಬ್ಬಿಯ ಮೇಲೆ 90ರಿಂದ 95 ಡಿಗ್ರಿ ಇರಲಿ ಎಂದು ಬರೆದಿದೆ. 60 ಸೆಂಟಿಮೀಟರ್ ಉದ್ದ, 20 ಅಗಲ, 20 ಆಳದ ಟ್ಯಾಂಕ್ ನನಗೆ ಸಾಕು. ಮನೆಯಲ್ಲಿ ಅದೇ ಅಳತೆಯ ಒಂದು ಗ್ಯಾಲ್ವನೈಸ್ಡ್ ತೊಟ್ಟಿ ಇದೆ. ಬಕೆಟ್ ನೀರು ಕಾಯಿಸುವ 1,500 ವ್ಯಾಟ್ ರಾಡ್ ಇದೆ, ಗ್ಯಾಸ್ ಬರ್ನರ್ ಕೂಡ ಇದೆ. ಗೆಳೆಯರೊಬ್ಬರು ಇಂಡಕ್ಷನ್ ಒಲೆ ಸಾಕು ಅನ್ನುತ್ತಾರೆ. ಯಾವುದರಲ್ಲಿ ಬೇಗ ಬಿಸಿಯಾಗುತ್ತದೆ?
— ಹೆಸರು ಬೇಡ ಎಂದ ಓದುಗರು

ಉತ್ತರ: ಮೊದಲು ಆ ಗ್ಯಾಲ್ವನೈಸ್ಡ್ ತೊಟ್ಟಿಯನ್ನು ಗಿಡಗಳಿಗೆ ನೀರು ಹಾಕುವುದಕ್ಕೆ ಕೊಟ್ಟುಬಿಡಿ. ಫಾಸ್ಫೇಟ್ ಸೊಲ್ಯೂಷನ್ ಅಂದರೆ ಹುಳಿ, ಅದರಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತದೆ. ಅದು ನಿಮ್ಮ ಸ್ಪ್ಯಾನರ್ ಮುಟ್ಟುವ ಮೊದಲೇ ತೊಟ್ಟಿಯ ಸತುವನ್ನು ತಿನ್ನಲು ಶುರುಮಾಡುತ್ತದೆ. ಬುಸಬುಸ ನೊರೆ ಬರುತ್ತದೆ, ಸೊಲ್ಯೂಷನ್ ಅಲ್ಲೇ ಸತ್ತುಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಈ ಕೆಲಸಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕೇ ಆಗಬೇಕು.

ಈಗ ಬಿಸಿಯ ವಿಷಯ. ಯಾವುದು ಬೇಗ ಅಂತ ಕೇಳಿದ್ದೀರಿ. ನಾನು ಕೆಲಸ ಶುರುಮಾಡಿದಾಗ ಕೇಳಿದ್ದೂ ಇದನ್ನೇ. ಆಮೇಲೆ ಇಪ್ಪತ್ತು ವರ್ಷ ಟ್ಯಾಂಕುಗಳ ಪಕ್ಕದಲ್ಲೇ ನಿಂತೆ. ಈಗ ಯಾರಾದರೂ ಹೀಟರ್ ಬಗ್ಗೆ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಈ ಸೊಲ್ಯೂಷನ್ ಯಾವ ಲೋಹವನ್ನು ತಿನ್ನುತ್ತದೆ? ಒಂದೇ ಜಾಗದಲ್ಲಿ ವಿಪರೀತ ಬಿಸಿ ತಗುಲಿದರೆ ಇದು ತಡೆಯುತ್ತದಾ? ಇವೆರಡಕ್ಕೂ ಉತ್ತರ ಸಿಕ್ಕಿದರೆ ಹೀಟರ್ ಯಾವುದು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಎಷ್ಟು ಬೇಗ ಅನ್ನುವುದು ಕೊನೆಯ ಮಾತು.

ಮೊದಲ ಪ್ರಶ್ನೆಗೆ ನನ್ನದೇ ಕಥೆ ಇದೆ. ತುಕ್ಕು ತೆಗೆಯುವ ಆಸಿಡ್ ತೊಟ್ಟಿಯನ್ನು ಸ್ವಲ್ಪ ಬೆಚ್ಚಗೆ ಇಟ್ಟರೆ ಕೆಲಸ ಬೇಗ ಆಗುತ್ತದೆ ಅಂತ ಸುಮ್ನೆ ಒಂದು ಬಕೆಟ್ ರಾಡ್ ಇಳಿಬಿಟ್ಟಿದ್ದೆ. ನಿಮ್ಮ ಹತ್ತಿರ ಇರುವಂಥದ್ದೇ, ಹೊಳೆಯುವ ಸುರುಳಿ. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ತೊಟ್ಟಿಯಿಂದ ಎತ್ತಿದ ಸ್ಪ್ಯಾನರ್ ಮೇಲೆ ಏನೋ ಗುಲಾಬಿ ಬಣ್ಣ. ತುಕ್ಕು ಉಳಿದಿದೆ ಅಂದುಕೊಂಡು ಮತ್ತೆ ಮುಳುಗಿಸಿದೆ. ಎತ್ತಿದರೆ ಇನ್ನೂ ಕೆಂಪು. ಹೆಬ್ಬೆರಳಿನಿಂದ ಉಜ್ಜಿದೆ, ಹುಡಿಯಂತೆ ಬಂತು. ಅದು ತುಕ್ಕಲ್ಲ, ತಾಮ್ರ! ರಾಡನ್ನು ಮೇಲೆತ್ತಿ ನೋಡಿದರೆ ಹೊಳಪಿನ ಲೇಪ ಅಲ್ಲಲ್ಲಿ ಎದ್ದುಹೋಗಿ ಒಳಗಿನ ತಾಮ್ರದ ಕೊಳವೆ ಕಾಣುತ್ತಿತ್ತು. ತುಕ್ಕು ಕರಗಿದ ಆಸಿಡ್‌ನಲ್ಲಿ ಫೆರಿಕ್ ಕಬ್ಬಿಣ ಇರುತ್ತದೆ, ಅದು ತಾಮ್ರವನ್ನು ಚೆನ್ನಾಗಿಯೇ ಕರಗಿಸುತ್ತದೆ. ಕರಗಿದ ತಾಮ್ರ ಉಕ್ಕು ಸಿಕ್ಕಿದ ಕೂಡಲೇ ಅದರ ಮೇಲೆ ಹೋಗಿ ಕೂರುತ್ತದೆ. ಇಡೀ ತೊಟ್ಟಿ ಚೆಲ್ಲಬೇಕಾಯಿತು. ಆ ರಾಡ್‌ನ ಕೊಳವೆ ಇನ್ನೊಂದು ವಾರದಲ್ಲಿ ತೂತಾಗಿದ್ದರೆ ಒಳಗಿನ ಕರೆಂಟ್ ನೇರ ಆಸಿಡ್‌ಗೆ, ಅಲ್ಲಿಂದ ನನ್ನ ಕೈಗೆ. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಾಗಿ ನಿಮ್ಮ 1,500 ವ್ಯಾಟ್ ರಾಡ್ ಬರೀ ನೀರಿಗೆ ಮಾತ್ರ. ಅದಕ್ಕೊಂದು ಒಳ್ಳೆಯ ಉಪಯೋಗ ಇದೆ, ಎರಡನೇ ಪತ್ರದಲ್ಲಿ ಹೇಳುತ್ತೇನೆ.

ಗ್ಯಾಸ್ ಬರ್ನರ್? ನಿಜ ಹೇಳಬೇಕೆಂದರೆ ಮನೆಯಲ್ಲಿ ಫಾಸ್ಫೇಟ್ ಮಾಡುವವರಲ್ಲಿ ತುಂಬಾ ಜನ ಗ್ಯಾಸ್ ಮೇಲೇ ಮಾಡುತ್ತಾರೆ, ಕೆಲಸ ಆಗುತ್ತದೆ ಕೂಡ. ಗ್ಯಾಸಿನ ದೊಡ್ಡ ಗುಣ ಅಂದರೆ ಕರೆಂಟ್ ಮತ್ತು ಸೊಲ್ಯೂಷನ್ ಒಂದೇ ಕಡೆ ಸೇರುವುದಿಲ್ಲ. ಉರಿಯೂ ಜೋರು. ಆದರೆ ಫಾಸ್ಫೇಟ್ ಟ್ಯಾಂಕಿನ ತಳದಲ್ಲಿ ಯಾವಾಗಲೂ ಗಸಿ ಕೂರುತ್ತದೆ. ಬಿಳಿ-ಬೂದು ಬಣ್ಣದ ನುಣುಪು ಕೆಸರು. ಎಷ್ಟೇ ಜಾಗ್ರತೆ ಮಾಡಿದರೂ ಅದು ಬಂದೇ ಬರುತ್ತದೆ. ಕೆಳಗಿನಿಂದ ಉರಿ ಕೊಟ್ಟರೆ ಆ ಗಸಿ ಕಂಬಳಿ ಹೊದಿಸಿದ ಹಾಗೆ ಬಿಸಿಯನ್ನು ತಡೆಯುತ್ತದೆ. ತಳ ಕೆಂಡದಂತೆ ಕಾಯುತ್ತದೆ, ಮೇಲಿನ ಸೊಲ್ಯೂಷನ್ ಮಾತ್ರ ಇನ್ನೂ 80 ಡಿಗ್ರಿ ದಾಟಿರುವುದಿಲ್ಲ. ನೀವು ಉರಿ ಇನ್ನಷ್ಟು ಏರಿಸುತ್ತೀರಿ. ಗಸಿಯ ಕೆಳಗೆ ಸಿಕ್ಕಿಕೊಂಡ ಆವಿ ದಾರಿ ಸಿಗದೆ ಒಮ್ಮೆಲೇ 'ಗುಡುಂ' ಎಂದು ಎದ್ದು ಬರುತ್ತದೆ. ನನ್ನ ಬಲ ಮುಂಗೈ ಮೇಲೆ ಕಾಸಿನಗಲ ಒಂದು ಬಿಳಿ ಕಲೆ ಇದೆ, ಅದು ಹಾಗೆ ಬಂದದ್ದು.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಫಾಸ್ಫೇಟ್ ಅತಿ ಬಿಸಿಯಾದ ಜಾಗದಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿ ಕೂರುತ್ತದೆ. ಉಪಕರಣದ ಮೇಲೆ ಕೂರಬೇಕಾದ ಲೇಪ ಟ್ಯಾಂಕಿನ ತಳಕ್ಕೆ ಹೋಗುತ್ತದೆ. ಕುದಿ ಬಂದರಂತೂ ಗಸಿ ಎಲ್ಲಾ ಮೇಲೆದ್ದು ನಿಮ್ಮ ಸ್ಪ್ಯಾನರ್ ಮೇಲೆ ಹುಡಿಹುಡಿಯಾಗಿ ಅಂಟುತ್ತದೆ. ನಾನು ಮೇಲೆ ಕೇಳಿದ ಎರಡನೇ ಪ್ರಶ್ನೆ ಇದೇ. ಫಾಸ್ಫೇಟ್‌ಗೆ ಮೆತ್ತನೆಯ, ಹರಡಿದ ಬಿಸಿ ಬೇಕು.

60 ಸೆಂಟಿಮೀಟರ್ ಉದ್ದದ ಟ್ಯಾಂಕಿನ ಕೆಳಗೆ ಒಂದು ದುಂಡು ಬರ್ನರ್ ಇಟ್ಟರೆ ನಡುವೆ ಕುದಿ, ಎರಡು ತುದಿಯಲ್ಲಿ ಉಗುರುಬೆಚ್ಚಗೆ. ಉದ್ದ ಸ್ಪ್ಯಾನರ್ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೂದು ಆಗುತ್ತದೆ. ಆದರೂ ಗ್ಯಾಸೇ ಅಂತ ತೀರ್ಮಾನ ಮಾಡಿದರೆ ಎರಡು ಬರ್ನರ್ ಸಣ್ಣ ಉರಿಯಲ್ಲಿಡಿ. ಟ್ಯಾಂಕ್ ಮತ್ತು ಉರಿಯ ನಡುವೆ ದಪ್ಪ ಉಕ್ಕಿನ ತಗಡು ಕೊಡಿ. ಪ್ರತಿ ಸಲ ಕೆಲಸಕ್ಕೆ ಮೊದಲು, ಸೊಲ್ಯೂಷನ್ ತಣ್ಣಗಿರುವಾಗಲೇ ಗಸಿ ಬಿಟ್ಟು ಮೇಲಿನದನ್ನು ಬೇರೆಡೆ ಬಗ್ಗಿಸಿ ತಳ ತೊಳೆಯಿರಿ. ಮತ್ತು ಕೆಲಸ ಬಯಲಲ್ಲೇ ಮಾಡಿ. ಮುಚ್ಚಿದ ಶೆಡ್‌ನಲ್ಲಿ ಉರಿ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಕಾಟ, ಅದಕ್ಕೆ ವಾಸನೆಯೂ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ತೆವಳುತ್ತದೆ. ಸಾಲದ್ದಕ್ಕೆ, ಫಾಸ್ಫೇಟ್ ಆಗುವಾಗ ಉಪಕರಣದಿಂದ ಏಳುವ ಗುಳ್ಳೆಗಳು ಹೈಡ್ರೋಜನ್. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೆ ಸಾಕು, ಹೈಡ್ರೋಜನ್ ಹತ್ತಿಕೊಳ್ಳುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಬರುವುದು ಸ್ವಲ್ಪವೇ, ಬಯಲಲ್ಲಿ ಹಾರಿಹೋಗುತ್ತದೆ. ಮುಚ್ಚಿದ ಮುಚ್ಚಳದ ಕೆಳಗೆ, ಉರಿಯ ಪಕ್ಕದಲ್ಲಿ ಮಾತ್ರ ಅದು ಸೇರಬಾರದು.

ಇಂಡಕ್ಷನ್ ಒಲೆ ಬಗ್ಗೆ ಗೆಳೆಯರಿಗೆ ಒಂದು ಆಯಸ್ಕಾಂತ ಕೊಟ್ಟು ಟ್ಯಾಂಕಿನ ತಳಕ್ಕೆ ಹಿಡಿಯಲು ಹೇಳಿ. 304, 316 ದರ್ಜೆಯ ಸ್ಟೇನ್‌ಲೆಸ್‌ಗೆ ಆಯಸ್ಕಾಂತ ಗಟ್ಟಿಯಾಗಿ ಅಂಟುವುದಿಲ್ಲ. ಅಂಟದಿದ್ದರೆ ಒಲೆ ಆ ಟ್ಯಾಂಕನ್ನು ಪಾತ್ರೆ ಅಂತ ಒಪ್ಪುವುದೇ ಇಲ್ಲ, ಕುಂಯ್ ಅಂದು ಆಫ್ ಆಗುತ್ತದೆ.

ಹಾಗಾದರೆ ನಿಮಗೆ ಯಾವುದು ಸರಿ? ಸ್ಟೇನ್‌ಲೆಸ್ 316 ಹೊದಿಕೆಯ, ಟ್ಯಾಂಕಿನ ಗೋಡೆಗುಂಟ ಅಡ್ಡಲಾಗಿ ಮಲಗುವ ಎಲ್ ಆಕಾರದ ಇಮ್ಮರ್ಷನ್ ಹೀಟರ್. 2,000 ವ್ಯಾಟ್‌ನ ಒಂದಕ್ಕಿಂತ 1,000 ವ್ಯಾಟ್‌ನ ಎರಡು ತಗೊಳ್ಳಿ ಅನ್ನುವುದು ನನ್ನ ಸಲಹೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಲೆಕ್ಕ ಇದೆ.

ನಿಮ್ಮ ಟ್ಯಾಂಕಿಗೆ 17 ಸೆಂಟಿಮೀಟರ್ ಎತ್ತರಕ್ಕೆ ತುಂಬಿಸಿದರೆ ಸುಮಾರು 20 ಲೀಟರ್. 25 ಡಿಗ್ರಿಯಿಂದ 90ಕ್ಕೆ ಏರಿಸಲು ಒಂದೂವರೆ ಯೂನಿಟ್ ಕರೆಂಟ್ ಬೇಕು. ಅಂದರೆ 2,000 ವ್ಯಾಟ್‌ಗೆ ಮುಕ್ಕಾಲು ಗಂಟೆ. ಇದು ಕಾಗದದ ಲೆಕ್ಕ. ಟ್ಯಾಂಕಿನ ಗೋಡೆ, ಆವಿ ಎಲ್ಲಾ ಸೇರಿದರೆ ಒಂದು ಗಂಟೆ ಇಟ್ಟುಕೊಳ್ಳಿ. ಬಿಸಿ ಬಂದ ಮೇಲೆ ಒಂದು ಹೀಟರ್ ಆಫ್ ಮಾಡಿ, ಇನ್ನೊಂದು ಅಷ್ಟೇ ಬಿಸಿಯನ್ನು ಕಾಯ್ದುಕೊಂಡು ಹೋಗುತ್ತದೆ.

ಇನ್ನು ಹೀಟರ್ ಕೊಳವೆಯ ಮೈ. ಒಂದು ಸೆಂಟಿಮೀಟರ್ ದಪ್ಪ, ಒಂದು ಮೀಟರ್ ಉದ್ದದ ಕೊಳವೆಗೆ ಸುಮಾರು 314 ಚದರ ಸೆಂಟಿಮೀಟರ್ ಮೈ ಇರುತ್ತದೆ. ಅದರಲ್ಲಿ 1,000 ವ್ಯಾಟ್ ಹರಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ 3 ವ್ಯಾಟ್ ಚಿಲ್ಲರೆ. ಅದೇ ಕೊಳವೆಗೆ 2,000 ಹರಿಸಿದರೆ 6 ದಾಟುತ್ತದೆ. ಬರೀ ನೀರಾದರೆ 6 ಏನೂ ಅಲ್ಲ. ಫಾಸ್ಫೇಟ್‌ನಲ್ಲಿ ಮಾತ್ರ ಕೊಳವೆಯ ಮೈ ಅಷ್ಟು ಕಾದರೆ ಬಿಳಿ ಕಲ್ಲು ಬೆಳೆಯುತ್ತದೆ. ಕಲ್ಲು ಬೆಳೆದಂತೆ ಒಳಗಿನ ತಂತಿ ಇನ್ನೂ ಕಾಯುತ್ತದೆ, ಒಂದು ದಿನ ಸುಟ್ಟುಹೋಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಬರೀ ಎಷ್ಟು ವ್ಯಾಟ್ ಅಂತ ಕೇಳಬೇಡಿ, ಬಿಸಿಯಾಗುವ ಭಾಗದ ಉದ್ದ ಎಷ್ಟು ಅಂತಲೂ ಕೇಳಿ. ಒಂದೇ ವ್ಯಾಟ್‌ನ ಎರಡು ಹೀಟರ್‌ಗಳಲ್ಲಿ ಉದ್ದ ಇರುವುದೇ ನಿಮ್ಮದು. ಟ್ಯಾಂಕ್ 60 ಸೆಂಟಿಮೀಟರ್ ಇರುವುದರಿಂದ ಕೊಳವೆ ಹೋಗಿ ತಿರುಗಿ ಬರುವ ಹೇರ್‌ಪಿನ್ ಆಕಾರ ಆದರೆ ಒಂದು ಮೀಟರ್ ಸುಲಭವಾಗಿ ಕೂರುತ್ತದೆ.

ಹೀಟರನ್ನು ತಳದಿಂದ 4–5 ಸೆಂಟಿಮೀಟರ್ ಮೇಲೆ ಕೂರಿಸಿ. ಅದರ ಕೆಳಗಿನ ಜಾಗ ಗಸಿಗೆ. ಹಾಗಂತ ತುಂಬಾ ಮೇಲೆ ಬೇಡ. ಬಿಸಿ ಮೇಲಕ್ಕೇ ಹೋಗುವುದರಿಂದ ಹೀಟರಿನ ಕೆಳಗಿನ ಸೊಲ್ಯೂಷನ್ ತಣ್ಣಗೇ ಉಳಿಯುತ್ತದೆ. ಹೀಟರಿನ ಮುಂದೆ ಸ್ಟೇನ್‌ಲೆಸ್ ಜಾಲರಿ ಕಟ್ಟಿ, ಉಪಕರಣ ತಗುಲಬಾರದು.

ಈಗ ನನಗೆ ಬಹಳ ಇಷ್ಟವಾದ ವಿಷಯ, ಮುಚ್ಚಳ. ನೀವು ಯಾವ ಹೀಟರ್ ತಂದರೂ ಮುಚ್ಚಳ ಇಲ್ಲದಿದ್ದರೆ ಅರ್ಧ ಬಿಸಿ ಆಕಾಶಕ್ಕೆ ಹೋಗುತ್ತದೆ. ಒಂದು ಲೀಟರ್ ನೀರನ್ನು 25ರಿಂದ 90 ಡಿಗ್ರಿಗೆ ಏರಿಸಲು ಎಷ್ಟು ಬಿಸಿ ಬೇಕೋ, ಅದೇ ಒಂದು ಲೀಟರನ್ನು ಆವಿ ಮಾಡಲು ಅದರ ಎಂಟು ಪಟ್ಟು ಬೇಕು. ತೆರೆದ ಟ್ಯಾಂಕಿನಿಂದ ಗಂಟೆಗೆ ಒಂದು ಲೀಟರ್ ಆವಿಯಾದರೆ 600 ವ್ಯಾಟ್‌ಗಿಂತ ಜಾಸ್ತಿ ಬರೀ ಅದಕ್ಕೇ ಹೋಯಿತು. ನನಗೆ ಬರುವ ಪತ್ರಗಳಲ್ಲಿ 'ಹೀಟರ್ ಸಾಲುತ್ತಿಲ್ಲ, 82 ಡಿಗ್ರಿಗೆ ನಿಂತುಬಿಟ್ಟಿದೆ' ಅನ್ನುವವರಿಗೆ ನಾನು ದೊಡ್ಡ ಹೀಟರ್ ಹೇಳುವುದಿಲ್ಲ, ಮುಚ್ಚಳ ಇದೆಯಾ ಅಂತ ಕೇಳುತ್ತೇನೆ. ಮುಚ್ಚಳ ಸಡಿಲವಾಗಿ ಕೂತರೆ ಸಾಕು, ಬಿಗಿ ಬೇಡ. ಕೆಲಸದ ನಡುವೆ ಪದೇಪದೇ ತೆಗೆಯಬೇಕಾದರೆ ಪಾಲಿಪ್ರೊಪಿಲೀನ್ ಅನ್ನುವ ಬಿಸಿ ತಡೆಯುವ ಪ್ಲಾಸ್ಟಿಕ್‌ನ ಟೊಳ್ಳು ಚೆಂಡುಗಳು ಸಿಗುತ್ತವೆ. ಒಂದು ಪದರ ತೇಲಿಬಿಟ್ಟರೆ ಉಪಕರಣ ಅವುಗಳ ನಡುವೆಯೇ ಇಳಿಯುತ್ತದೆ, ಏಳುತ್ತದೆ. ಗೋಡೆಗೆ ಹೊರಗಿನಿಂದ ರಾಕ್‌ವೂಲ್ (ಬಿಸಿ ತಡೆಯುವ ಕಲ್ಲುನಾರಿನ ಹೊದಿಕೆ) ಸುತ್ತಿ. ಥರ್ಮೋಕೋಲ್ ಬೇಡ, 80 ಡಿಗ್ರಿ ಹತ್ತಿರವೇ ಅದು ಮೆತ್ತಗಾಗಿ ಕುಗ್ಗುತ್ತದೆ. ಗ್ಯಾಸ್ ಮೇಲೆ ಇಡುವ ಟ್ಯಾಂಕಿಗೆ ಏನನ್ನೂ ಸುತ್ತಬೇಡಿ.

ಕರೆಂಟಿನ ಮಾತು ಚುಟುಕಾಗಿ, ಆದರೆ ಇದರಲ್ಲಿ ಚೌಕಾಸಿ ಇಲ್ಲ. ಹೀಟರ್ ಹೊದಿಕೆಗೂ ಟ್ಯಾಂಕಿಗೂ ಅರ್ಥಿಂಗ್ ಬೇಕು. 30 ಮಿಲಿಆಂಪಿಯರ್‌ಗೆ ಕಟ್ ಆಗುವ ಲೀಕೇಜ್ ಬ್ರೇಕರ್ ಬೇಕು. 230 ವೋಲ್ಟ್‌ನಲ್ಲಿ 2,000 ವ್ಯಾಟ್ ಅಂದರೆ ಸುಮಾರು 8.7 ಆಂಪಿಯರ್, ಸಣ್ಣ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಬೇಡಿ. ಸೊಲ್ಯೂಷನ್ ಮಟ್ಟ ಇಳಿದರೆ ಹೀಟರ್ ಆಫ್ ಆಗುವಂತೆ ಒಂದು ಫ್ಲೋಟ್ ಸ್ವಿಚ್ ಹಾಕಿಸಿ. ಹೊರಗೆ ಇಣುಕಿದ ಹೀಟರ್ ಕೆಲವೇ ಕ್ಷಣದಲ್ಲಿ ಕೆಂಪಾಗುತ್ತದೆ.

ತಾಪಮಾನ ಕಾಯಲು ಡಿಜಿಟಲ್ ಕಂಟ್ರೋಲರ್ ಒಳ್ಳೆಯದೇ. ಆದರೆ ಅದರ ಜೊತೆ ಬರುವ ಸಾಲಿಡ್ ಸ್ಟೇಟ್ ರಿಲೇ, ಅಂದರೆ ಕಂಟ್ರೋಲರ್ ಹೇಳಿದಂತೆ ಹೀಟರ್ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್, ಕೆಟ್ಟರೆ ಹೆಚ್ಚಾಗಿ ಆನ್ ಆಗಿಯೇ ಕೆಡುತ್ತದೆ. ಕಂಟ್ರೋಲರ್ 'ನಿಲ್ಲಿಸು' ಅನ್ನುತ್ತಿರುತ್ತದೆ, ರಿಲೇ ಕೇಳುವುದಿಲ್ಲ, ಹೀಟರ್ ಉರಿಯುತ್ತಲೇ ಇರುತ್ತದೆ. ನನಗೆ ಒಮ್ಮೆ ಹೀಗಾಗಿ, ಐದು ನಿಮಿಷ ಅಂತ ಒಳಗೆ ಹೋಗಿ ಬರುವಷ್ಟರಲ್ಲಿ ಟ್ಯಾಂಕ್ ಕುದಿಯುತ್ತಿತ್ತು. 98 ಡಿಗ್ರಿಗೆ ತಾನಾಗಿ ಕಟ್ ಆಗುವ ಇನ್ನೊಂದು ಪ್ರತ್ಯೇಕ ಥರ್ಮೋಸ್ಟಾಟ್ ಸರಣಿಯಲ್ಲಿ ಇರಲಿ. ಸೆನ್ಸರ್ ಹೀಟರಿನಿಂದ ದೂರ, ಅರ್ಧ ಆಳದಲ್ಲಿ ಇರಬೇಕು. ಎಲ್ಲಾ ಇದ್ದರೂ ಒಂದು ಸಾದಾ ಗಾಜಿನ ಥರ್ಮಾಮೀಟರ್ ಕೈಯಲ್ಲಿಟ್ಟುಕೊಳ್ಳಿ, ಕಲಕಿ ನೋಡಿ. ನಾನು ಕಂಟ್ರೋಲರ್ ನಂಬುತ್ತೇನೆ, ಆದರೆ ಗಾಜಿನ ಕಡ್ಡಿಯನ್ನು ಕೇಳಿಯೇ ನಂಬುತ್ತೇನೆ.

ಇಷ್ಟೆಲ್ಲಾ ಓದಿ ಮೂಗಿಗಿಂತ ಮೂಗುತಿ ಭಾರ ಆಯಿತು ಅನ್ನಿಸಿದರೆ ತಪ್ಪಿಲ್ಲ. ಮೊದಲು ಐದು ಲೀಟರಿನ ಸ್ಟೇನ್‌ಲೆಸ್ ಪಾತ್ರೆಯನ್ನು ಸಾದಾ ವಿದ್ಯುತ್ ಹಾಟ್‌ಪ್ಲೇಟ್ ಮೇಲಿಟ್ಟು ಸಣ್ಣ ಸ್ಪ್ಯಾನರ್‌ಗಳನ್ನು ಮಾಡಿ ನೋಡಿ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು ಅಷ್ಟೇ. ನಾಲ್ಕು ಸಲ ಮಾಡಿದ ಮೇಲೂ ಹುಚ್ಚು ಇಳಿಯದಿದ್ದರೆ ದೊಡ್ಡ ಟ್ಯಾಂಕ್ ಮಾಡಿಸಿ.

ಪ್ರಶ್ನೆ: ಐದು ಲೀಟರ್ ಪ್ಲಾಸ್ಟಿಕ್ ಡಬ್ಬದಲ್ಲಿ ನಿಕಲ್ ಪ್ಲೇಟಿಂಗ್ ಮಾಡುತ್ತೇನೆ. ಸೊಲ್ಯೂಷನ್ 55 ಡಿಗ್ರಿ ಇರಬೇಕು. ಮೀನಿನ ತೊಟ್ಟಿಯ ಗಾಜಿನ ಹೀಟರ್ ಹಾಕಿದ್ದೇನೆ, 33 ಡಿಗ್ರಿಗೆ ನಿಂತುಬಿಡುತ್ತದೆ. ಅದರ ಥರ್ಮೋಸ್ಟಾಟ್ ಕಿತ್ತುಹಾಕಿ ನೇರ ಕೊಡಬಹುದಾ?
— ಒಬ್ಬ ವಿದ್ಯಾರ್ಥಿನಿ

ಉತ್ತರ: ಬೇಡಮ್ಮ. ಅದು ಮೀನುಗಳಿಗೆ ಮಾಡಿದ್ದು, ಮೀನುಗಳಿಗೆ 55 ಡಿಗ್ರಿ ಯಾರೂ ಕೊಡುವುದಿಲ್ಲ. ಹಾಗಾಗಿ 32–34ಕ್ಕೇ ನಿಲ್ಲುವಂತೆ ಮಾಡಿರುತ್ತಾರೆ. ಥರ್ಮೋಸ್ಟಾಟ್ ಕಿತ್ತರೆ ಅದನ್ನು ನಿಲ್ಲಿಸುವವರೇ ಇಲ್ಲ. ಮೇಲಿನ ರಬ್ಬರ್ ಬಿರಡೆಯೂ ಅಷ್ಟು ಬಿಸಿಗೆ ಅಲ್ಲ. ಗಾಜು ಸೀಳಿದರೆ ನಿಕಲ್ ಸೊಲ್ಯೂಷನ್‌ಗೆ ಕರೆಂಟ್, ಅದರಲ್ಲಿ ನಿಮ್ಮ ತಂತಿ, ತಂತಿ ಹಿಡಿದ ನಿಮ್ಮ ಕೈ.

ಮೇಲಿನ ಪತ್ರದವರಿಗೆ ಬೇಡ ಅಂದ ಬಕೆಟ್ ರಾಡ್ ನಿಮಗೆ ಬರುತ್ತದೆ ನೋಡಿ. ಒಂದು ದೊಡ್ಡ ಪಾತ್ರೆಯಲ್ಲಿ ಹತ್ತು ಲೀಟರ್ ನೀರು ಹಾಕಿ, ನಡುವೆ ನಿಮ್ಮ ಡಬ್ಬ ಕೂರಿಸಿ, ಹೊರಗಿನ ನೀರನ್ನು ಮಾತ್ರ ಬಿಸಿ ಮಾಡಿ. ರಾಡ್ ನೀರನ್ನಷ್ಟೇ ಮುಟ್ಟುತ್ತದೆ, ನಿಕಲ್ ಅನ್ನು ಮುಟ್ಟುವುದಿಲ್ಲ. ಒಳಗೆ ಐದು, ಹೊರಗೆ ಹತ್ತು, ಒಟ್ಟು 15 ಲೀಟರನ್ನು 30 ಡಿಗ್ರಿ ಏರಿಸಲು ಅರ್ಧ ಯೂನಿಟ್ ಸಾಕು. ರಾಡ್ ಅಷ್ಟನ್ನು ಬೇಗ ಕೊಟ್ಟುಬಿಡುತ್ತದೆ, ಆದರೆ ಪ್ಲಾಸ್ಟಿಕ್ ಗೋಡೆ ಬಿಸಿಯನ್ನು ನಿಧಾನವಾಗಿ ಬಿಡುತ್ತದೆ. ಹಾಗಾಗಿ ರಾಡಿಗೆ ಕಂಟ್ರೋಲರ್ ಹಾಕಿ ಹೊರಗಿನ ನೀರು 65 ದಾಟದಂತೆ ಹಿಡಿಯಿರಿ. ಒಳಗೆ 55 ಬರಲು ಹೊತ್ತು ಹಿಡಿಯುತ್ತದೆ, ಕಾಯಿರಿ. ಡಬ್ಬ ಪಾಲಿಪ್ರೊಪಿಲೀನ್ ಆಗಿರಲಿ. ಪಿವಿಸಿ ಆದರೆ 60 ಡಿಗ್ರಿಗೇ ಮೆತ್ತಗಾಗಲು ಶುರು.

ಇದೇ ಉಪಾಯ ಮೊದಲ ಪತ್ರದವರಿಗೆ ಯಾಕೆ ಹೇಳಲಿಲ್ಲ ಅಂದರೆ, ಅವರಿಗೆ ಒಳಗೆ 90ರ ಮೇಲೆ ಬೇಕು. ಹೊರಗಿನ ನೀರು 100 ದಾಟುವುದಿಲ್ಲ. ಅಷ್ಟು ಸಣ್ಣ ಅಂತರದಲ್ಲಿ 20 ಲೀಟರ್ ಬಿಸಿಯಾಗಲು ಬೆಳಗಿನಿಂದ ಕಾಯಬೇಕು.

ಇನ್ನೊಂದು ಮಾತು. ಯಾರಾದರೂ 'ಸ್ಟೇನ್‌ಲೆಸ್ ಹೀಟರ್ ನೇರ ಪ್ಲೇಟಿಂಗ್ ತೊಟ್ಟಿಗೇ ಹಾಕು' ಅಂದರೆ ಕೇಳಬೇಡಿ. ಆನೋಡ್ (ಪ್ಲಸ್ ತಂತಿಗೆ ಕಟ್ಟಿದ ನಿಕಲ್ ತುಂಡು) ಮತ್ತು ಕೆಲಸದ ತುಂಡಿನ ನಡುವೆ ಲೋಹದ ಕೊಳವೆ ಬಂದರೆ ಪ್ಲೇಟಿಂಗ್ ಕರೆಂಟ್ ಅದರೊಳಗೂ ನುಗ್ಗುತ್ತದೆ. ಒಂದು ಕಡೆ ನಿಕಲ್ ಕೂರುತ್ತದೆ, ಇನ್ನೊಂದು ಕಡೆ ಕೊಳವೆ ಸವೆಯುತ್ತದೆ. ನಿಕಲ್ ಸೊಲ್ಯೂಷನ್‌ನಲ್ಲಿ ಕ್ಲೋರೈಡ್ ಬೇರೆ ಇರುತ್ತದೆ, ಅದು ಸ್ಟೇನ್‌ಲೆಸ್‌ಗೆ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ದೊಡ್ಡ ತೊಟ್ಟಿಗಳಲ್ಲಿ ಟೈಟಾನಿಯಂ ಅಥವಾ ಕ್ವಾರ್ಟ್ಸ್ ಹೊದಿಕೆಯವು ಬಳಸುತ್ತಾರೆ, ನಿಮ್ಮ ಐದು ಲೀಟರಿಗೆ ಅದು ಅತಿಯಾಯಿತು.

ಬೆಚ್ಚಗಿನ ತೊಟ್ಟಿಯ ಮಂಜಿನಲ್ಲಿ ನಿಕಲ್ ಉಪ್ಪು ಇರುತ್ತದೆ. ಅದನ್ನು ಉಸಿರಾಡಬಾರದು, ಚರ್ಮಕ್ಕೂ ತಗುಲಬಾರದು. ಕೈಗವಸು ಹಾಕಿ, ಗಾಳಿ ಆಡುವ ಕಡೆ ಕೆಲಸ ಮಾಡಿ. ಮರುದಿನ ತಣ್ಣಗಾದ ಡಬ್ಬದ ತಳದಲ್ಲಿ ಬಿಳಿ ಹರಳು ಕಂಡರೆ ಗಾಬರಿ ಬೇಡ, ಅದು ಸೊಲ್ಯೂಷನ್‌ನಲ್ಲೇ ಇರುವ ಬೋರಿಕ್ ಆಸಿಡ್. ಬಿಸಿ ಮಾಡಿ ಕಲಕಿದರೆ ಮತ್ತೆ ಕರಗುತ್ತದೆ.

ಪ್ರಶ್ನೆ: ಅಲ್ಯೂಮಿನಿಯಂ ಅನೋಡೈಸಿಂಗ್ ತೊಟ್ಟಿಗೆ ಎಷ್ಟು ವ್ಯಾಟ್ ಹೀಟರ್ ಬೇಕು? 15 ಲೀಟರ್ ಸಲ್ಫ್ಯೂರಿಕ್ ಆಸಿಡ್ ಸೊಲ್ಯೂಷನ್.

ಉತ್ತರ: ಸೊನ್ನೆ. ಅನೋಡೈಸಿಂಗ್ ಅಂದರೆ ಆಸಿಡ್‌ನಲ್ಲಿ ಕರೆಂಟ್ ಹರಿಸಿ ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು. ಸಾಮಾನ್ಯ ಸಲ್ಫ್ಯೂರಿಕ್ ಅನೋಡೈಸಿಂಗ್ 20 ಡಿಗ್ರಿ ಆಸುಪಾಸಿನಲ್ಲಿ ನಡೆಯುತ್ತದೆ. ಕರೆಂಟ್ ಹರಿದಂತೆ ಅದು ತಾನೇ ಬಿಸಿಯಾಗುತ್ತದೆ. 25 ದಾಟಿದರೆ ಪದರ ಮೆತ್ತಗಾಗಿ, ಉಜ್ಜಿದರೆ ಹುಡಿ ಬರುವಂತಾಗುತ್ತದೆ. ನಿಮಗೆ ಬೇಕಾದ್ದು ತಂಪು. ನೀರು ತುಂಬಿ ಹೆಪ್ಪುಗಟ್ಟಿಸಿದ ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳ ಬಿಗಿಮಾಡಿ ತೊಟ್ಟಿಯಲ್ಲಿ ತೇಲಿಬಿಡಿ, ಗಾಳಿ ಪಂಪಿನಿಂದ ಕಲಕುತ್ತಿರಿ. ಬಿಸಿ ಬೇಕಾಗುವುದು ಆಮೇಲೆ, ಬಣ್ಣಕ್ಕೆ ಸುಮಾರು 55–60 ಡಿಗ್ರಿ, ಕೊನೆಗೆ ಪದರದ ಸಣ್ಣ ರಂಧ್ರಗಳನ್ನು ಮುಚ್ಚುವ ನೀರಿಗೆ 96ರ ಮೇಲೆ. ಇವೆರಡಕ್ಕೂ ಸ್ಟೇನ್‌ಲೆಸ್ ಪಾತ್ರೆ, ಹಾಟ್‌ಪ್ಲೇಟ್, ಲವಣ ತೆಗೆದ ನೀರು ಸಾಕು. ಆಸಿಡ್‌ನ ಒಂದು ಹನಿಯೂ ಆ ಪಾತ್ರೆಗಳಿಗೆ ಹೋಗದಂತೆ ತುಂಡನ್ನು ಎರಡು ಸಲ ತೊಳೆದೇ ಇಳಿಸಿ. ತಿರುಪು ಮೊಳೆಯ ತೂತುಗಳೊಳಗೆ ಆಸಿಡ್ ಅಡಗಿರುತ್ತದೆ, ಅಲ್ಲಿಗೆ ಪಿಚಕಾರಿಯಿಂದ ನೀರು ಬಿಡಿ.